ಏನೂ ಇಲ್ಲದ ಕಣಿವೆಯಲ್ಲಿ ಐದು ಕಿಲೋಮೀಟರ್

(ಚಿತ್ರದುರ್ಗದಲ್ಲಿ ಚಾರಣದ ಗೆಳೆಯರು ಸೇರಿಸಿದ್ದ ಸಂಜೆ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಕೆಲಸ. ಇದು ದವನದ ಕಟ್ಟು. ಬೆಳಿಗ್ಗೆ ಹೂವಿನ ಅಂಗಡಿಯಲ್ಲಿ ತಗೊಂಡೆ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ಒಂದು ಎಸಳು ಕಿತ್ತು ಬೆರಳಲ್ಲಿ ಉಜ್ಜಿ, ಮೂಸಿ ನೋಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಹಿರಿಯೂರಿನ ಕಡೆಯವನು. ಹನ್ನೆರಡು ವರ್ಷದಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕದ ಒಂದು ಊರಿನಲ್ಲಿ ಇದ್ದೇನೆ. ಸಿಯಾಟಲ್ ಅಂದರೆ ಮಳೆ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ವರ್ಷಕ್ಕೆ 950 ಮಿಲಿಮೀಟರ್ ಆಸುಪಾಸು, ಹೆಚ್ಚು ಕಡಿಮೆ ನಮ್ಮ ಬೆಂಗಳೂರಿನಷ್ಟೇ. ಆದರೆ ಬೆಂಗಳೂರಿನ ಹಾಗೆ ಸಂಜೆ ಸುರಿದು ಮುಗಿಸುವುದಿಲ್ಲ. ಅಕ್ಟೋಬರಿನಿಂದ ಏಪ್ರಿಲ್ ತನಕ ಜಿಟಿ ಜಿಟಿ ಅಂತ ಜಿನುಗುತ್ತಲೇ ಇರುತ್ತದೆ. ಎಲ್ಲಿ ನೋಡಿದರೂ ಹಸಿರು, ಪಾಚಿ, ಎತ್ತರದ ಮರ. ನಮ್ಮವರು ಊರಿಗೆ ಕಳಿಸುವ ಫೋಟೋ ಎಲ್ಲಾ ಅಲ್ಲಿಯದೇ.

ಅದೇ ರಾಜ್ಯದಲ್ಲಿ ಇನ್ನೊಂದು ಅರ್ಧ ಇದೆ. ಕ್ಯಾಸ್ಕೇಡ್ ಅನ್ನೋ ಬೆಟ್ಟಸಾಲು ಉತ್ತರ ದಕ್ಷಿಣವಾಗಿ ರಾಜ್ಯವನ್ನು ಸೀಳಿ ನಿಂತಿದೆ. ಸಮುದ್ರದಿಂದ ಬರುವ ಮೋಡ ಪಶ್ಚಿಮದ ಮಗ್ಗುಲಲ್ಲೇ ಖಾಲಿಯಾಗುತ್ತದೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ 7,000 ಮಿಲಿಮೀಟರ್ ಸುರಿದ ಮೋಡ ಚಳ್ಳಕೆರೆಗೆ ಬರುವ ಹೊತ್ತಿಗೆ 500ರ ಆಸುಪಾಸು ಉಳಿಸಿಕೊಂಡಿರುತ್ತದೆ. ಅಲ್ಲೂ ಅದೇ ಕತೆ. ಬೆಟ್ಟದ ಆಚೆ ಯಾಕಿಮಾ ಅಂತ ಒಂದು ಊರು, ಅಲ್ಲಿ ವರ್ಷದ ಮಳೆ ಬರೀ 200 ಮಿಲಿಮೀಟರ್. ನಮ್ಮ ಚಳ್ಳಕೆರೆಯ ಅರ್ಧವೂ ಇಲ್ಲ!

ಈ ಕಡೆಗೆ ಮೊದಲ ಸಲ ಹೋಗಿದ್ದು ಜುಲೈ ತಿಂಗಳಲ್ಲಿ. ಯಾರೋ ಕಣಿವೆ ಚೆನ್ನಾಗಿದೆ ಅಂದಿದ್ದರು. ಸಿಯಾಟಲ್‌ನಿಂದ ಪೂರ್ವಕ್ಕೆ ಹೊರಟು, ಸ್ನೋಕ್ವಾಲ್ಮಿ ಪಾಸ್ ಎಂಬ ಘಾಟಿ ದಾಟಿ, 175 ಕಿಲೋಮೀಟರ್ ದೂರದ ಎಲೆನ್ಸ್‌ಬರ್ಗ್ ಮುಟ್ಟಿದರೆ ಅಲ್ಲಿಂದ ದಕ್ಷಿಣಕ್ಕೆ 821ನೇ ನಂಬರಿನ ಹಳೇ ರಸ್ತೆ. ಯಾಕಿಮಾ ನದಿಯ ಪಕ್ಕದಲ್ಲೇ ಸೊಟ್ಟಸೊಟ್ಟಗೆ ಸಾಗುತ್ತದೆ. ಮಧ್ಯದಲ್ಲಿ ಅಮ್ಟಾನಮ್ ಅನ್ನೋ ತಾಣ. ಕಾರು ನಿಲ್ಲಿಸಿ ಇಳಿದೆ. ಉರಿ ಬಿಸಿಲು, ಒಣಗಿದ ಹುಲ್ಲು, ಬೂದಿ ಬಣ್ಣದ ಪೊದೆ. ನೀರಿನ ಬಾಟಲಿ ಬೇರೆ ಮರೆತಿದ್ದೆ. ಅರ್ಧ ಗಂಟೆಯಲ್ಲಿ ವಾಪಸ್ ಕಾರು ಹತ್ತಿದೆ. ಮನೆಯಲ್ಲಿ ಕೇಳಿದರೆ, "ಏನೂ ಇಲ್ಲ ಅಲ್ಲಿ" ಅಂದೆ. ಹಿರಿಯೂರಿನವನಾಗಿ ಆ ಮಾತು ಹೇಳಿದೆನಲ್ಲಾ ಅಂತ ಈಗಲೂ ನಾಚಿಕೆ ಆಗುತ್ತದೆ.

ಎರಡನೇ ಸಲ ಹೋಗಿದ್ದು ಅಮ್ಮನ ಜೊತೆ. ಆರು ತಿಂಗಳಿಗೆ ಅಂತ ಬಂದಿದ್ದಳು. ಮೂರು ತಿಂಗಳು ಕಿಟಕಿಯಲ್ಲಿ ಮಳೆ ನೋಡಿ ನೋಡಿ ಸಾಕಾಗಿ, "ಬಿಸ್ಲು ಎಲ್ಲಾದ್ರೂ ಐತಾ ಈ ದೇಶದಾಗೆ?" ಅಂತ ಕೇಳಿದಳು. ಯುಗಾದಿ ಆಗಿ ಹದಿನೈದು ದಿನ ಆಗಿತ್ತು, ಏಪ್ರಿಲ್ ನಡುವೆ. ಬೆಳಿಗ್ಗೆ ಆರಕ್ಕೆ ಹೊರಟೆವು. ಘಾಟಿಯಲ್ಲಿ ಇನ್ನೂ ಹಿಮ ಇತ್ತು. ಇಳಿದು ಎಲೆನ್ಸ್‌ಬರ್ಗ್ ಮುಟ್ಟಿದರೆ ಫಳಫಳ ಬಿಸಿಲು. ಅಮ್ಮ ಸ್ವೆಟರ್ ಬಿಚ್ಚಿದಳು. ಸೀರೆ, ಕಾಲಿಗೆ ನನ್ನ ಹೆಂಡತಿಯ ಓಡುವ ಶೂ.

ಅಮ್ಟಾನಮ್‌ನಲ್ಲಿ ಕಾರಿಳಿದ ತಕ್ಷಣ ನದಿಯ ಮೇಲೊಂದು ತೂಗುಸೇತುವೆ. ನಡೆದರೆ ಅಲ್ಲಾಡುತ್ತದೆ. ಅಮ್ಮ ಎರಡೂ ಕಡೆ ಹಗ್ಗ ಹಿಡಿದು ಬೈಯುತ್ತಾ ದಾಟಿದಳು. ಯಾರನ್ನು ಬೈದಳೋ ಗೊತ್ತಿಲ್ಲ. ಆ ದಡದಲ್ಲಿ ರೈಲು ಹಳಿ, ಅದರಾಚೆ ದಾರಿ ಎರಡಾಗುತ್ತದೆ. ಒಂದು ಗುಡ್ಡದ ನೆತ್ತಿಗೆ ಹತ್ತುತ್ತದೆ, ಇನ್ನೊಂದು ಅಮ್ಟಾನಮ್ ಹಳ್ಳದ ಪಕ್ಕದಲ್ಲಿ ಕಮರಿಯ ಒಳಗೆ ಹೋಗುತ್ತದೆ. ನಾವು ಹಳ್ಳ ಹಿಡಿದೆವು. ಹೋಗಿ ಬರಲು ಒಟ್ಟು ಐದು ಕಿಲೋಮೀಟರ್. ದುರ್ಗದ ಕೋಟೆ ಹತ್ತಿ ಇಳಿಯುವವರಿಗೆ ಇದು ಲೆಕ್ಕಕ್ಕೇ ಇಲ್ಲ. ನಮಗೆ ಆರು ಗಂಟೆ ಬೇಕಾಯಿತು.

ಇಪ್ಪತ್ತು ಹೆಜ್ಜೆ ಹಾಕಿರಬೇಕು. ಅಮ್ಮ ಬಗ್ಗಿ ದಾರಿ ಪಕ್ಕದ ಬೂದಿ ಪೊದೆಯಿಂದ ಒಂದು ಎಲೆ ಕಿತ್ತಳು. ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿದಳು. ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಅಂಗೈಯನ್ನು ನನ್ನ ಮೂಗಿಗೆ ಹಿಡಿದಳು.

"ಲೇ, ಇದು ದವನ ಅಲ್ವೇನೋ?"

ನಾನು ನಕ್ಕೆ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ ನಗು ನಿಂತಿತು. ಆ ಪೊದೆಗೆ ಇಂಗ್ಲಿಷಿನಲ್ಲಿ ಸೇಜ್‌ಬ್ರಷ್ ಅನ್ನುತ್ತಾರೆ. ಸಸ್ಯಶಾಸ್ತ್ರದವರು ಇಟ್ಟ ಹೆಸರು ಆರ್ಟಿಮೀಸಿಯಾ ಟ್ರೈಡೆಂಟಾಟಾ. ನಮ್ಮ ದವನ ಆರ್ಟಿಮೀಸಿಯಾ ಪ್ಯಾಲೆನ್ಸ್. ಗಣೇಶನ ಪೂಜೆಗೆ ಇಡುವ ಮಾಚಿಪತ್ರೆಯೂ ಆರ್ಟಿಮೀಸಿಯಾ ಕುಲದ್ದೇ. ಎಲ್ಲಾ ದಾಯಾದಿಗಳು. ಅಡುಗೆಗೆ ಹಾಕುವ ಸೇಜ್ ಸೊಪ್ಪಿಗೂ ಇದಕ್ಕೂ ಸಂಬಂಧ ಇಲ್ಲ, ಅದು ತುಳಸಿಯ ಕಡೆಯದು. ವಾಸನೆ ಪೂರ್ತಿ ಒಂದೇ ಅಂತ ಹೇಳಲಾರೆ. ದವನದಲ್ಲಿ ಒಂದು ಸಿಹಿ ಇದೆ. ಸೇಜ್‌ಬ್ರಷ್‌ನಲ್ಲಿ ಆ ಸಿಹಿ ಕಡಿಮೆ, ಕರ್ಪೂರ ಜಾಸ್ತಿ. ಆದರೆ ಒಂದೇ ಮನೆಯ ವಾಸನೆ ಅನ್ನುವುದು ಮೂಗಿಗೆ ಗೊತ್ತಾಗುತ್ತದೆ. ಯುಗಾದಿ ಕಳೆದು ಹದಿನೈದನೇ ದಿನ ಯಾವ ಹುಣ್ಣಿಮೆ ಹೇಳಿ? ದವನದ ಹುಣ್ಣಿಮೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಜನ ಸೇರುವ ಹೊತ್ತಿಗೆ ನಾವಿಬ್ಬರೂ ಭೂಮಿಯ ಇನ್ನೊಂದು ಮಗ್ಗುಲಲ್ಲಿ ದವನದ ಕಾಡಿನೊಳಗೆ ನಿಂತಿದ್ದೆವು.

ಈ ಗಿಡದ ಎಲೆಯನ್ನು ಹತ್ತಿರ ಹಿಡಿದು ನೋಡಬೇಕು. ಉದ್ದ ಒಂದು ಇಂಚು. ತುದಿಯಲ್ಲಿ ಮೂರು ಪುಟ್ಟ ಹಲ್ಲು, ಟ್ರೈಡೆಂಟಾಟಾ ಅಂದರೆ ಅದೇ. ಮೈ ತುಂಬಾ ಸಣ್ಣ ಬೆಳ್ಳಿ ರೋಮ. ಬೂದಿ ಬಣ್ಣ ಬರುವುದು ಆ ರೋಮದಿಂದ. ಬಿಸಿಲನ್ನು ಹಿಂದಕ್ಕೆ ಎರಚುತ್ತದೆ, ಗಾಳಿ ತೇವ ಕದಿಯದ ಹಾಗೆ ತಡೆಯುತ್ತದೆ. ಬೇರಿನ ಕತೆ ಇನ್ನೂ ಚೆನ್ನಾಗಿದೆ. ಒಂದಷ್ಟು ಬೇರು ಮೇಲುಮಣ್ಣಿನಲ್ಲಿ ಹರಡಿರುತ್ತದೆ, ಒಂದಷ್ಟು ಎರಡು ಮೀಟರಿಗೂ ಕೆಳಗೆ ಇಳಿಯುತ್ತದೆ. ಹಗಲು ಕೆಳಗಿನ ನೀರು ಎಳೆದು ಎಲೆಗೆ ಕೊಡುತ್ತದೆ. ರಾತ್ರಿ ಎಲೆಗೆ ನೀರಿನ ಹಂಬಲ ಕಡಿಮೆಯಾದಾಗ, ಆಳದಿಂದ ಬಂದ ನೀರು ಮೇಲಿನ ಬೇರುಗಳಿಂದ ಒಣಮಣ್ಣಿಗೆ ಸೋರುತ್ತದೆ. ಪಕ್ಕದ ಹುಲ್ಲೂ ಅದನ್ನು ಕುಡಿಯುತ್ತದೆ. ಬೋರ್‌ವೆಲ್ ಕೊರೆಸಿ ರಾತ್ರಿ ಪಕ್ಕದ ಹೊಲಕ್ಕೂ ಒಂದಿಷ್ಟು ನೀರು ಬಿಟ್ಟ ಹಾಗೆ. ನಮ್ಮ ಕಡೆ ಅಂಥ ಪುಣ್ಯಾತ್ಮರನ್ನು ನಾನಂತೂ ಕಂಡಿಲ್ಲ.

ಇಷ್ಟಾದರೂ ಇದಕ್ಕೆ ಒಂದು ದೊಡ್ಡ ದೌರ್ಬಲ್ಯ. ಬೆಂಕಿ ಬಿದ್ದರೆ ಸತ್ತೇ ಹೋಗುತ್ತದೆ, ಬುಡ ಚಿಗುರುವುದಿಲ್ಲ. ಮೊದಲೆಲ್ಲಾ ಬೆಂಕಿ ಅಪರೂಪ. ಪೊದೆ ಪೊದೆಗೆ ನಡುವೆ ಬರೀ ನೆಲ, ಬೆಂಕಿ ದಾಟುವುದು ಕಷ್ಟ. 1800ರ ದಶಕಗಳಲ್ಲಿ ಯುರೋಪ್ ಕಡೆಯಿಂದ ಕಾಳಿನ ಜೊತೆ ಒಂದು ಕಳೆ ಹುಲ್ಲು ಬಂತು. ಚೀಟ್‌ಗ್ರಾಸ್, ಅಂದರೆ ಮೋಸದ ಹುಲ್ಲು. ಏಪ್ರಿಲ್‌ನಲ್ಲಿ ಅಮ್ಮ ಅದರ ಹಸಿರು ನೋಡಿ "ಮೇವು ಚೆನ್ನಾಗೈತೆ" ಅಂದಳು. ಜೂನ್‌ಗೆ ಬಂದು ನೋಡಬೇಕು. ಉಳಿದ ಹುಲ್ಲಿಗಿಂತ ಮೊದಲೇ ಒಣಗಿ ಹಂಜಿಯ ಹಾಗಾಗಿರುತ್ತದೆ. ಆ ನಡುವಿನ ನೆಲವನ್ನೆಲ್ಲಾ ಅದೇ ತುಂಬಿಕೊಂಡಿದೆ. ಒಂದು ಕಿಡಿ ಸಾಕು. ಸೇಜ್‌ಬ್ರಷ್ ಸುಟ್ಟ ಜಾಗದಲ್ಲಿ ಮುಂದಿನ ವರ್ಷ ಮತ್ತೆ ಮೋಸದ ಹುಲ್ಲೇ ಬರುತ್ತದೆ. ಇದು ನನಗೆ ಆ ನಾಡಿನ ಎಲ್ಲಕ್ಕಿಂತ ಬೇಸರದ ಸಂಗತಿ.

ಇನ್ನು ಕಲ್ಲು. ದುರ್ಗದಲ್ಲಿ ನಿಂತು ಕಲ್ಲಿನ ಬಗ್ಗೆ ಮಾತಾಡದೆ ಇದ್ದರೆ ನೀವು ಬಿಡುತ್ತೀರಾ? ಆ ಕಮರಿಯ ಗೋಡೆ ಪೂರ್ತಿ ಕಪ್ಪು ಬಸಾಲ್ಟ್. ನಿಮ್ಮ ಕೋಟೆಯ ಗ್ರಾನೈಟಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕರಿಕಲ್ಲಿಗೆ ಇದೆ. ಎರಡೂ ನೆಲದ ಬಿರುಕಿನಿಂದ ಉಕ್ಕಿ ಹರಿದ ಲಾವಾ. ನಮ್ಮ ದಖ್ಖನ್ನಿನದು 6.6 ಕೋಟಿ ವರ್ಷ ಹಳೆಯದು, ಅಲ್ಲಿಯದು 1.7 ಕೋಟಿ ವರ್ಷದ ಹಿಂದೆ ಶುರುವಾದದ್ದು. ಆ ಲಾವಾ 2 ಲಕ್ಷ ಚದರ ಕಿಲೋಮೀಟರಿಗೂ ಜಾಸ್ತಿ ನೆಲ ಮುಚ್ಚಿತು. ಇಡೀ ಕರ್ನಾಟಕವನ್ನು ಮುಚ್ಚಿ ಇನ್ನೂ ಮಿಗುತ್ತದೆ. ಕೆಲವು ಕಡೆ ತಣ್ಣಗಾಗುವಾಗ ಸೀಳಿ ಕಂಬ ಕಂಬ ಆಗಿದೆ. ಮಲ್ಪೆ ಹತ್ತಿರ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಆ ಕಂಬಗಳ ರೂಪ ಗೊತ್ತಿರುತ್ತದೆ.

ಒಂದು ವಿಷಯ ನನಗೆ ಬಹಳ ದಿನ ಅರ್ಥ ಆಗಿರಲಿಲ್ಲ. ನದಿ ಗುಡ್ಡವನ್ನು ಕೊರೆಯುವುದಾದರೆ ನೇರ ಕೊರೆಯಬಾರದೇ? ಈ ಯಾಕಿಮಾ ನದಿ ಬಯಲಲ್ಲಿ ಹರಿಯುವ ಸೋಮಾರಿ ಹಳ್ಳದ ಹಾಗೆ ಅಂಕುಡೊಂಕಾಗಿ ಹೋಗುತ್ತದೆ, ಎರಡೂ ಕಡೆ ಎತ್ತರದ ಗೋಡೆ. ಅಮ್ಮನಿಗೆ ಹೇಳುವಾಗ ಈಳಿಗೆ ಮಣೆ ನೆನಪಾಯಿತು. ಚಾಕುವಿನಲ್ಲಿ ಹೆಚ್ಚುವಾಗ ಚಾಕು ಓಡಾಡುತ್ತದೆ, ಸೌತೆಕಾಯಿ ಸುಮ್ಮನಿರುತ್ತದೆ. ಈಳಿಗೆಯಲ್ಲಿ ಕತ್ತಿ ಇದ್ದಲ್ಲೇ ಇರುತ್ತದೆ, ಸೌತೆಕಾಯಿ ಅದರ ಮೇಲೆ ಬರುತ್ತದೆ. ಇಲ್ಲಿ ನದಿಯೇ ಈಳಿಗೆ. ಮೊದಲು ಬಯಲಿತ್ತು, ನದಿ ಬೇಕಾದ ಹಾಗೆ ಬಳುಕುತ್ತಿತ್ತು. ಆಮೇಲೆ ನೆಲವೇ ಎರಡೂ ಕಡೆಯಿಂದ ಒತ್ತಡಕ್ಕೆ ಸಿಕ್ಕಿ, ತಳ್ಳಿದ ಜಮಖಾನೆಯ ಹಾಗೆ ಮಡಿಕೆ ಮಡಿಕೆಯಾಗಿ ಮೇಲೆದ್ದಿತು. ಏಳುತ್ತಾ ಏಳುತ್ತಾ ನದಿಗೆ ಸಿಕ್ಕಿ ಕೊರೆದುಹೋಯಿತು. ನದಿಯ ಹಳೇ ಬಳುಕು ಹಾಗೇ ಉಳಿಯಿತು. ಅಮ್ಮ "ಹೂಂ" ಅಂದಳು. ಅವಳ ಕಣ್ಣು ಆಗಲೇ ಮೇಲಿತ್ತು.

"ಕುರಿ ಅವೆ ನೋಡು."

ನನಗೆ ಕಾಣಲಿಲ್ಲ. ಬೈನಾಕ್ಯುಲರ್ ಇದ್ದದ್ದು ನನ್ನ ಕುತ್ತಿಗೆಯಲ್ಲಿ! ಅವಳು ಚಿಕ್ಕಂದಿನಲ್ಲಿ ಕಾವಲಿನಲ್ಲಿ ಕುರಿ ಮೇಯಿಸಿದವಳು. ಕಲ್ಲಿನ ಬಣ್ಣದಲ್ಲಿ ಕಲ್ಲಿನ ಹಾಗೇ ನಿಂತ ಏಳು ಬಿಗ್‌ಹಾರ್ನ್ ಕುರಿಗಳನ್ನು ಬೆರಳಲ್ಲಿ ಎಣಿಸಿ ತೋರಿಸಿದಳು. ಆರು ಹೆಣ್ಣು, ಒಂದು ಮರಿ. ಮರಿ ಹುಟ್ಟಿ ಇನ್ನೂ ಕೆಲವೇ ದಿನ ಆಗಿರಬೇಕು, ಇಳಿಜಾರಿನ ಕಲ್ಲಿನ ಮೇಲೆ ಕುಣಿಯುತ್ತಿತ್ತು. ಬೆನ್ನ ಹಿಂದೆ ಬಿಳಿ ಮಚ್ಚೆ. ಟಗರುಗಳು ಈ ಕಾಲದಲ್ಲಿ ಬೇರೆಯೇ ಗುಂಪಾಗಿ ಇರುತ್ತವೆ. ಸುರುಳಿ ಕೊಂಬಿನ ಅವು ಢೀ ಕೊಡುವುದು ನವೆಂಬರ್ ಸುಮಾರಿಗೆ. ಟಗರು ಕಾಳಗ ನೋಡಿದ ಊರಿನವರಿಗೆ ನಾನು ಆ ಸದ್ದು ವರ್ಣಿಸುವುದಿಲ್ಲ.

ಇವು ನಡುವೆ ಪೂರ್ತಿ ಇಲ್ಲದೇ ಹೋಗಿದ್ದವು. ಬೇಟೆ, ರೋಗ ಸೇರಿ 20ನೇ ಶತಮಾನದ ಮೊದಲ ಭಾಗದಲ್ಲೇ ವಾಷಿಂಗ್ಟನ್ ರಾಜ್ಯದಿಂದ ಅಳಿದವು. 1957ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ತಂದು ಮತ್ತೆ ಬಿಡಲು ಶುರು ಮಾಡಿದರು. ಇವುಗಳ ದೊಡ್ಡ ಶತ್ರು ನ್ಯುಮೋನಿಯಾ. ಅದು ಬರುವುದು ಸಾಕಿದ ಕುರಿ ಮೇಕೆಗಳಿಂದ. ಸಾಕಿದ ಕುರಿ ಆ ಸೂಕ್ಷ್ಮಜೀವಿಯನ್ನು ಮೂಗಿನಲ್ಲಿ ಹೊತ್ತುಕೊಂಡು ಆರಾಮಾಗಿರುತ್ತದೆ, ಕಾಡುಕುರಿ ಅದಕ್ಕೆ ತಡೆಯುವುದಿಲ್ಲ. 2009-10ರ ಚಳಿಗಾಲದಲ್ಲಿ ಇದೇ ಕಣಿವೆಯಲ್ಲಿ ರೋಗ ಬಿತ್ತು. ಹರಡದೆ ಇರಲಿ ಅಂತ ವನ್ಯಜೀವಿ ಇಲಾಖೆಯವರೇ ಎಷ್ಟೋ ಕುರಿಗಳನ್ನು ಕೊಲ್ಲಬೇಕಾಯಿತು. ಇದನ್ನು ಹೇಳಿದಾಗ ಅಮ್ಮ ತುಂಬಾ ಹೊತ್ತು ಸುಮ್ಮನಿದ್ದಳು. "ನಮ್ಮ ಕುರಿ ಕೆಮ್ಮಿದ್ರೆ ಅವು ಸಾಯ್ತಾವಾ" ಅಂತ ಒಮ್ಮೆ ಕೇಳಿದಳು, ಅಷ್ಟೇ.

ಹೂವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಫೋಟೋಗಳು ಆಮೇಲೆ ಇವೆ. ಇಳಿಜಾರು ತುಂಬಾ ಬಾಲ್ಸಮ್‌ರೂಟ್, ನಮ್ಮ ಹುಚ್ಚೆಳ್ಳಿನ ಹೊಲ ಗುಡ್ಡ ಹತ್ತಿದ ಹಾಗೆ ಹಳದಿ. ಒಂದು ಗಿಡ ಮಾತ್ರ ಹೇಳಲೇಬೇಕು. ಬರೀ ಜಲ್ಲಿಯ ನೆಲದಲ್ಲಿ ಬೆರಳು ಗಾತ್ರದ ಎಲೆ ಗೊಂಚಲು, ಅದು ಬಿಟರ್‌ರೂಟ್. ಹೂ ಬಿಡುವುದು ಮೇ ತಿಂಗಳಲ್ಲಿ, ಅಷ್ಟರಲ್ಲಿ ಎಲೆ ಬಾಡಿ, ಕಲ್ಲಿನಿಂದಲೇ ಗುಲಾಬಿ ಬಣ್ಣದ ಹೂ ಎದ್ದ ಹಾಗೆ ಕಾಣುತ್ತದೆ. 1806ರಲ್ಲಿ ಮೆರಿವೆದರ್ ಲೂಯಿಸ್ ಅನ್ನೋ ಅಮೆರಿಕದ ಅನ್ವೇಷಕ ಇದನ್ನು ಕಿತ್ತು ಒಣಗಿಸಿ ಫಿಲಡೆಲ್ಫಿಯಾಗೆ ಒಯ್ದ. ತಿಂಗಳುಗಟ್ಟಲೆ ಒಣಗಿದ್ದ ಬೇರನ್ನು ನೆಟ್ಟರೆ ಚಿಗುರಿತು. ಅದಕ್ಕೇ ಹೆಸರು ಲೂಯಿಸಿಯಾ ರೆಡಿವೈವಾ, ಮತ್ತೆ ಬದುಕಿದ್ದು ಅಂತ. ಆದರೆ ಈ ಬೇರು ಲೂಯಿಸ್‌ಗಿಂತ ಸಾವಿರಾರು ವರ್ಷ ಮೊದಲಿನಿಂದ ಅಲ್ಲಿನ ಮೂಲ ಜನರ ಊಟ. ವಸಂತದಲ್ಲಿ ಹೆಂಗಸರು ಅಗೆದು ತಂದು, ಮೊದಲು ಪೂಜೆಯ ಊಟಕ್ಕೆ ಇಟ್ಟು ಆಮೇಲೆ ಮನೆಗೆ ಬಳಸುತ್ತಾರೆ. 1855ರ ಒಪ್ಪಂದದಲ್ಲಿ ಯಾಕಮಾ ಜನ 1 ಕೋಟಿ ಎಕರೆಗೂ ಜಾಸ್ತಿ ನೆಲ ಬಿಟ್ಟುಕೊಡಬೇಕಾಯಿತು. ಆದರೆ ಬೇರು, ಹಣ್ಣು ಕೀಳುವ ಹಕ್ಕನ್ನು ಕಾಗದದಲ್ಲಿ ಬರೆಸಿ ಉಳಿಸಿಕೊಂಡರು. ನೋಡುವವರಿಗೆ ಜಲ್ಲಿ ನೆಲ, ಅವರಿಗೆ ಕಣಜ. ಊರಿನ, ನದಿಯ ಹೆಸರು ಈಗಲೂ ಯಾಕಿಮಾ. ತಮ್ಮ ಹೆಸರನ್ನು ಮಾತ್ರ ಅವರು 1994ರಲ್ಲಿ ಯಾಕಮಾ ಅಂತ ಸರಿಪಡಿಸಿಕೊಂಡರು.

ಕಮರಿಯ ಒಳಗೆ ಹೋದ ಹಾಗೆ ಸದ್ದು ಬದಲಾಗುತ್ತದೆ. ರೈಲು, ಕಾರು ಕೇಳುವುದಿಲ್ಲ. ಕ್ಯಾನ್ಯನ್ ರೆನ್ ಅನ್ನೋ ಗುಬ್ಬಿ ಗಾತ್ರದ ಹಕ್ಕಿ ಎಲ್ಲೋ ಬಂಡೆಯ ಸಂದಿಯಲ್ಲಿ ಕೂತು ಹಾಡುತ್ತದೆ. ತಾರಸ್ಥಾಯಿಯಿಂದ ಒಂದೊಂದೇ ಮೆಟ್ಟಿಲು ಇಳಿದು, ಕೊನೆಗೆ ಸುಸ್ತಾಗಿ ಕೂತ ಹಾಗೆ. ಹಕ್ಕಿ ಕಾಣಲೇ ಇಲ್ಲ. ಇನ್ನೊಂದು ಕಡೆಯಿಂದ "ಚಕ್ ಚಕ್ ಚಕರ್" ಅಂತ ಕೂಗು. ಇದು ಕಂಡಿತು. ಬೂದು ಮೈ, ಕೆಂಪು ಕೊಕ್ಕು, ಕಣ್ಣಿನ ಮೇಲೆ ಹಾದು ಕತ್ತಿಗೆ ಸುತ್ತಿದ ಕಪ್ಪು ಪಟ್ಟಿ. ಅದರ ಹೆಸರು ಚಕರ್. ಹೌದು, ನಮ್ಮ ಚಕೋರವೇ. ಹಿಮಾಲಯ, ಅಫ್ಘಾನಿಸ್ತಾನದ ಕಡೆಯ ಹಕ್ಕಿ. 1893ರಲ್ಲಿ ಕರಾಚಿಯಿಂದ ಕೆಲವು ಜೋಡಿ ಮೊದಲು ಅಮೆರಿಕಕ್ಕೆ ಹೋದವು. ಆಮೇಲೆ ಬೇರೆ ಬೇರೆ ರಾಜ್ಯದವರು ತಂದು ಬಿಟ್ಟರು. ಯಾತಕ್ಕೆ? ಗುಂಡು ಹೊಡೆದು ತಿನ್ನಲು. ಸಾವಿರ ವರ್ಷ ನಮ್ಮ ಕವಿಗಳಿಂದ ಬೆಳದಿಂಗಳು ಕುಡಿಸಿಕೊಂಡ ಹಕ್ಕಿಗೆ ಬಂದ ಗತಿ ನೋಡಿ. ಈಗ ಅದು ಮೋಸದ ಹುಲ್ಲಿನ ಬೀಜ ತಿಂದು ಸುಖವಾಗಿದೆ. ಇದನ್ನೆಲ್ಲಾ ಅಮ್ಮನಿಗೆ ಉತ್ಸಾಹದಿಂದ ಹೇಳಿದೆ. ಅವಳು ಬೈನಾಕ್ಯುಲರ್‌ನಲ್ಲಿ ನೋಡಿ, "ಚಕೋರ ಅಂತೆ. ಕೋಳಿ ಇದು" ಅಂದಳು.

ಅಲ್ಲಿಂದ ಮುಂದೆ ಒಂದು ಹಳೇ ಮನೆಯ ಗುರುತು. ಕಲ್ಲು, ಒಂದಷ್ಟು ಸೇಬಿನ ಮರ. 1862ರ ಕಾಯ್ದೆ ಪ್ರಕಾರ ಸರ್ಕಾರ ತಲೆಗೆ 160 ಎಕರೆ ಹಂಚುತ್ತಿತ್ತು. ಮಳೆ ಬೀಳುವ ಸೀಮೆಯಲ್ಲಿ ಅಷ್ಟು ನೆಲ ಸಾಕು, ಇಲ್ಲಿ ಸಾಲದು. ಮನೆ ಬಿದ್ದಿದೆ, ಸೇಬು ಹೂ ಬಿಟ್ಟಿತ್ತು. ಪಕ್ಕದ ಹಳ್ಳದಲ್ಲಿ ಬೀವರ್ ಅನ್ನೋ ಪ್ರಾಣಿಗಳು ಕಡ್ಡಿ, ಕೆಸರು ಒಟ್ಟಿ ಒಡ್ಡು ಕಟ್ಟಿದ್ದವು. ಅಮ್ಮ ಅದನ್ನು ಎರಡೂ ಕಡೆಯಿಂದ ನೋಡಿ, ಗುತ್ತಿಗೆದಾರರು ಬಂದು ಕಲಿಯಬೇಕು ಅಂದಳು.

ಆ ಮನೆಯ ಕಲ್ಲಿನ ಹತ್ತಿರವೇ ನಾನು ಮುಂದೆ ಇದ್ದೆ. ಹಿಂದಿನಿಂದ ಅಂಗಿ ಹಿಡಿದು ಎಳೆದಳು. "ನಿಂತ್ಕ." ದನಿ ಏರಿಸಲಿಲ್ಲ. ನಾಲ್ಕು ಹೆಜ್ಜೆ ಮುಂದೆ ದಾರಿಯ ಅಂಚಿನಲ್ಲಿ, ಬಿಸಿಲು ಬಿದ್ದ ಕಡೆ, ಸುರುಳಿ ಸುತ್ತಿದ ಒಂದು ಹಾವು. ಗಿಲಕಿ ಹಾವು, ರ‍್ಯಾಟಲ್‌ಸ್ನೇಕ್. ಚಳಿಗಾಲವನ್ನು ಬಂಡೆಯ ಸಂದಿಯಲ್ಲಿ ಗುಂಪಾಗಿ ಕಳೆದು ಏಪ್ರಿಲ್‌ನಲ್ಲಿ ಹೊರಗೆ ಬರುತ್ತವೆ. ಗಿಲಕಿ ಆಡಿಸಲೇ ಇಲ್ಲ. ಅದು ಯಾವಾಗಲೂ ಎಚ್ಚರಿಸುತ್ತದೆ ಅನ್ನೋದು ಸುಳ್ಳು. ನಾವು ಅಲ್ಲಾಡದೆ ನಿಂತೆವು. ನಾಲಿಗೆ ಹೊರಗೆ, ಒಳಗೆ. ಐದು ನಿಮಿಷ ಆಗಿರಬಹುದು, ಸುರುಳಿ ನಿಧಾನ ಬಿಚ್ಚಿತು. ಕಂದು ಮಚ್ಚೆಗಳು ಒಂದೊಂದಾಗಿ ಹುಲ್ಲಿನೊಳಗೆ ಹೋದವು, ಕೊನೆಗೆ ಗೆಣ್ಣು ಗೆಣ್ಣಾದ ಬಾಲ. ಅದನ್ನು ಎತ್ತಿಕೊಂಡೇ ಹೋಯಿತು, ನೆಲಕ್ಕೆ ತಾಗಿಸದೆ. "ಬಾಲಕ್ಕೆ ಗೆಜ್ಜೆ ಕಟ್ಕಂಡೈತೆ" ಅಂತ ಅಮ್ಮ ಪಿಸುಗುಟ್ಟಿದಳು.

ಹಾವಿಗಿಂತ ನನಗೆ ಕಾಟ ಕೊಟ್ಟಿದ್ದು ರಕ್ತ ಹೀರುವ ಉಣ್ಣೆ ಹುಳ. ವಸಂತದಲ್ಲಿ ಹುಲ್ಲಿನ ತುದಿಯಲ್ಲಿ ಕೈ ಚಾಚಿ ಕಾಯುತ್ತಿರುತ್ತವೆ. ಮನೆಗೆ ಬಂದ ಮೇಲೆ ಕುತ್ತಿಗೆ ಹಿಂದೆ ಒಂದು ಸಿಕ್ಕಿತು. ಮಂಗನ ಕಾಯಿಲೆ ಕೇಳಿ ಗೊತ್ತಿರುವ ಮಲೆನಾಡಿನವರು ಇಲ್ಲಿದ್ದರೆ ನಗಬೇಡಿ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ತುರುಕಿ ನಡೆಯಿರಿ.

ನೋಡದೇ ಇದ್ದದ್ದನ್ನೂ ಒಂದು ಹೇಳಿ ಮುಗಿಸುತ್ತೇನೆ. ನದಿಯ ಪೂರ್ವಕ್ಕೆ, ನಾವು ಕಾರು ನಿಲ್ಲಿಸಿದ್ದ ದಡದ ಗುಡ್ಡಗಳ ಹಿಂದೆ ಸೈನ್ಯದ ತರಬೇತಿ ಮೈದಾನ, 3 ಲಕ್ಷ ಎಕರೆಗೂ ಜಾಸ್ತಿ. ಅಲ್ಲಿ ಸೇಜ್‌ಗ್ರೌಸ್ ಅನ್ನೋ ದೊಡ್ಡ ಹಕ್ಕಿ ಉಳಿದುಕೊಂಡಿದೆ. ಚಳಿಗಾಲ ಪೂರ್ತಿ ಅದರ ಊಟ ಸೇಜ್‌ಬ್ರಷ್ ಎಲೆ, ಹೆಚ್ಚು ಕಡಿಮೆ ಅದೊಂದೇ. ಮಾರ್ಚ್, ಏಪ್ರಿಲ್‌ನ ನಸುಕಿನಲ್ಲಿ ಗಂಡುಗಳು ಬಯಲಿಗೆ ಬಂದು ಎದೆಯ ಚೀಲ ಊದಿಸಿ ಕುಣಿಯುತ್ತವೆ. ಸಿರುಗುಪ್ಪದ ಎರೆಭೂತ, ಪುಸ್ತಕದವರು ಹೆಬ್ಬಕ ಅನ್ನುತ್ತಾರಲ್ಲ, ಅದೂ ಗಂಟಲ ಚೀಲ ಊದಿಸಿಯೇ ಹೆಣ್ಣನ್ನು ಕರೆಯುವುದು. ವಾಷಿಂಗ್ಟನ್ ರಾಜ್ಯ 2021ರಲ್ಲಿ ಸೇಜ್‌ಗ್ರೌಸನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿತು. ಎರಡಕ್ಕೂ ಬೇಕಾಗಿರುವುದು ಕಂದಾಯದ ಪುಸ್ತಕದಲ್ಲಿ ಪಾಳು ಅಂತ ಬರೆಯುವಂಥ ನೆಲ. ನಮ್ಮ ಚಳ್ಳಕೆರೆ ಕಾವಲಿನಲ್ಲಿ ಕೃಷ್ಣಮೃಗ ಓಡುವುದೂ ಅಂಥದ್ದೇ ನೆಲದಲ್ಲಿ. ಹೆದ್ದಾರಿಯಿಂದ ನೋಡಿದವರು ಅಲ್ಲೂ "ಏನೂ ಇಲ್ಲ" ಅನ್ನುತ್ತಾರೆ. ನಾನೂ ಅಂದಿದ್ದೆನಲ್ಲ.

ಪ್ರಶ್ನೆ ಏನಾದರೂ... ಹಾಂ, ಹೇಳಮ್ಮ. ಇಲ್ಲ, ಆ ಎಲೆ ತಂದಿಲ್ಲ. ವಿಮಾನ ನಿಲ್ದಾಣದಲ್ಲಿ ಸಸ್ಯ ತರಲು ಬಿಡುವುದಿಲ್ಲ. ಅಮ್ಮ ಮಾತ್ರ ವಾಪಸ್ ಬರುವಾಗ ಸೆರಗಿನ ಗಂಟಿನಲ್ಲಿ ಎರಡು ಎಸಳು ಇಟ್ಟುಕೊಂಡಿದ್ದಳು ಅಂತ ನನಗೆ ಅನುಮಾನ. ಕೇಳಿಲ್ಲ.

ಆ ದವನದ ಕಟ್ಟು ಎಲ್ಲಿಗೆ ಬಂತು? ಕೊಡಿ ಇಲ್ಲಿ. ಅಯ್ಯೋ, ಬರೀ ದಾರ ಉಳಿಸಿದ್ದೀರಲ್ಲ! ಮೂರನೇ ಸಾಲಿನ ಅಕ್ಕಂದಿರೆಲ್ಲಾ ಮುಡಿದುಕೊಂಡು ಕೂತಿದ್ದಾರೆ. ಆಗಲಿ, ಫೋಟೋ ನೋಡೋಣ. ಯಾರಾದರೂ ಆ ಹಿಂದಿನ ಲೈಟ್ ಆರಿಸಿ.